ಶಟರ್ ಮುರಿದ ಮೇಲೆ, ಠಾಣೆಯಿಂದ ಕೋರ್ಟಿನವರೆಗೆ

2025ರ ಜೂನ್‌ನಲ್ಲಿ, ಜಡಿಮಳೆಯ ಒಂದು ರಾತ್ರಿ, ಮಂಗಳೂರು ಪೇಟೆಯೊಳಗಿನ ನಮ್ಮ ಮೊಬೈಲ್ ಅಂಗಡಿಯ ಶಟರ್ ಮೀಟಿ ಕಳ್ಳತನ ಮಾಡಿದರು. ಮಳೆಯ ಸದ್ದಿಗೆ ಅಕ್ಕಪಕ್ಕದ ಯಾರಿಗೂ ಕೇಳಿಲ್ಲ. ಹೊಸ ಫೋನ್ 11 ಹೋದವು. ಡ್ರಾಯರ್‌ನಲ್ಲಿದ್ದ ದುಡ್ಡು ಹೋಯಿತು. ರಿಪೇರಿಗೆ ಬಂದಿದ್ದ 6 ಫೋನ್ ಕೂಡ ಹೋದವು. ನನ್ನ ನಿದ್ದೆ ಕೆಡಿಸಿದ್ದು ಆ ಆರು. ಹೊಸ ಫೋನ್ ಹೋದರೆ ನಷ್ಟ ನನ್ನದು. ಗಿರಾಕಿಯ ಫೋನಿನಲ್ಲಿ ಮಗುವಿನ ಫೋಟೋ ಇರುತ್ತದೆ, ಬ್ಯಾಂಕಿನ ಆ್ಯಪ್ ಇರುತ್ತದೆ, ಗಲ್ಫ್‌ನಲ್ಲಿರುವ ಗಂಡನ ವಾಯ್ಸ್ ಮೆಸೇಜ್ ಇರುತ್ತದೆ. ನಮ್ಮನ್ನು ನಂಬಿ ಬಿಟ್ಟು ಹೋದದ್ದು ಅದು.

ಇಂಥದ್ದು ಬೇರೆ ಅಂಗಡಿಯವರಿಗೂ ಆಗಬಹುದು. ಆಗ ಯಾವ ಕೆಲಸ ಮೊದಲು, ಎಲ್ಲಿ ಕೆಲಸ ಸಿಕ್ಕಿಹಾಕಿಕೊಳ್ಳುತ್ತದೆ, ಯಾಕೆ ಅಂತ ನಾನು ಕಂಡದ್ದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ಶಟರ್ ಬಾಗಿರುವುದು ಕಂಡ ಕೂಡಲೇ 112ಕ್ಕೆ ಫೋನ್ ಮಾಡಿದೆವು. ಗಸ್ತಿನ ವಾಹನ ಬೇಗ ಬಂತು. ಅದರಲ್ಲಿದ್ದ ಹೆಡ್ ಕಾನ್ಸ್‌ಟೆಬಲ್ ಹೇಳಿದ ಮೊದಲ ಮಾತು, "ಯಾರೂ ಒಳಗೆ ಹೋಗ್ಬೇಡಿ, ಎಂತದ್ದೂ ಮುಟ್ಬೇಡಿ." ಆಮೇಲೆ ಠಾಣೆಗೆ ಹೋಗಿ ದೂರು ಬರೆದೆ. ದೂರಿನಲ್ಲಿ ಮಾಲಿನ ಪಟ್ಟಿ ಸರಿಯಾಗಿದ್ದರೆ ಮುಂದಿನ ಎಲ್ಲ ಕೆಲಸವೂ ಸುಲಭ. ಪ್ರತಿ ಫೋನಿನ 15 ಅಂಕಿಯ ಐಎಂಇಐ ನಂಬರ್ ಬೇಕು. ಹೊಸ ಫೋನಿನದು ಖರೀದಿ ಬಿಲ್ಲಿನಲ್ಲೇ ಇತ್ತು. ರಿಪೇರಿಯದ್ದು ಜಾಬ್ ಕಾರ್ಡಿನಲ್ಲಿತ್ತು. ಫೋನ್ ತೆಗೆದುಕೊಳ್ಳುವಾಗಲೇ ಐಎಂಇಐ ಬರೆದು ಗಿರಾಕಿಯ ಸಹಿ ಹಾಕಿಸುವ ಪದ್ಧತಿ ನಮ್ಮಲ್ಲಿದೆ. ಸಿಮ್ ಕೂಡ ಆಗಲೇ ತೆಗೆದು ಅವರ ಕೈಗೆ ಕೊಟ್ಟಿರುತ್ತೇವೆ. ರಿಪೇರಿ ಮಾಡುವ ಎಲ್ಲರೂ ಈ ಎರಡು ಕೆಲಸ ಮಾಡಬೇಕು ಅಂತ ನನ್ನ ಬಿನ್ನಹ.

ಎಫ್‌ಐಆರ್ ಅವತ್ತೇ ಆಯಿತು. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆ ಹೇಳುವ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ತನಿಖೆ, ವಿಚಾರಣೆಯ ಕ್ರಮ ಹೇಳುವ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನಮ್ಮದಕ್ಕೆ ಹಾಕಿದ್ದು ನ್ಯಾಯ ಸಂಹಿತೆಯ ಕಲಂ 331(4) ಮತ್ತು 305. ಕದಿಯುವುದಕ್ಕಾಗಿ ರಾತ್ರಿ ಹೊತ್ತು ಬೀಗ ಮುರಿದು ನುಗ್ಗಿದ್ದಕ್ಕೆ ಮೊದಲನೆಯದು, 14 ವರ್ಷದವರೆಗೂ ಶಿಕ್ಷೆ ಇದೆ. ಮಾಲು ಇಟ್ಟ ಕಟ್ಟಡದಲ್ಲಿ ಕಳ್ಳತನಕ್ಕೆ ಎರಡನೆಯದು, 7 ವರ್ಷದವರೆಗೆ. ಎಫ್‌ಐಆರ್ ಪ್ರತಿ ದೂರುದಾರನಿಗೆ ಪುಕ್ಕಟೆ ಸಿಗಬೇಕು, ನಾವಾಗಿ ಕೇಳಿ ತೆಗೆದುಕೊಳ್ಳಬೇಕು. ಮುಂದೆ ಇನ್ಶೂರೆನ್ಸಿಗೂ ಅದೇ, ಫೋನ್ ಬ್ಲಾಕ್ ಮಾಡಿಸುವುದಕ್ಕೂ ಅದೇ.

ಮಧ್ಯಾಹ್ನ ಬೆರಳಚ್ಚಿನವರು ಬಂದು ಹೋದರು. ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಸಾಕ್ಷಿಗಳ ಮುಂದೆ ಬರೆದುಕೊಳ್ಳುವುದು, ಆಯಿತು. ಪಕ್ಕದ ಅಂಗಡಿಯ ಇಬ್ಬರು ಪಂಚರಾಗಿ ನಿಂತರು. ಮುರಿದ ಬೀಗ, ಮೀಟಲು ತಂದಿದ್ದ ಕಬ್ಬಿಣದ ಸರಳು ವಶಕ್ಕೆ ತೆಗೆದುಕೊಳ್ಳುವುದನ್ನು ಒಬ್ಬ ಕಾನ್ಸ್‌ಟೆಬಲ್ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡರು. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರ ಪ್ರಕಾರ ಅದು ಕಡ್ಡಾಯ. ಇದು ಬಹಳ ಒಳ್ಳೆಯ ಬದಲಾವಣೆ. "ಪೊಲೀಸರೇ ಇಟ್ಟದ್ದು" ಅಂತ ಆರೋಪಿ ಹೇಳುವ ಹಾಗಿಲ್ಲ, ಇಲ್ಲದ್ದನ್ನು ಪೊಲೀಸರು ಇಡುವ ಹಾಗೂ ಇಲ್ಲ.

ಅಲ್ಲಿಗೆ ಮೊದಲ ದಿನದ ಚುರುಕು ಮುಗಿಯಿತು.

ಮರುದಿನ ಠಾಣೆಗೆ ಹೋದರೆ ತನಿಖೆಯ ಎಸ್‌ಐ ಇಲ್ಲ, ಬಂದೋಬಸ್ತಿಗೆ ಹೋಗಿದ್ದಾರೆ. ಅದರ ಮರುದಿನ ಕ್ರೈಮ್ ಸಿಬ್ಬಂದಿಯೂ ಇಲ್ಲ, ಅವರೂ ಬಂದೋಬಸ್ತಿಗೆ. ನಮ್ಮ ಬೀಟಿನ ಕಾನ್ಸ್‌ಟೆಬಲ್ ನಂಬರ್ ನನ್ನ ಹತ್ತಿರ ಮೊದಲಿಂದಲೂ ಇದೆ. 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂದಾಗಿನಿಂದ ಒಂದೊಂದು ಬೀಟಿಗೆ ಒಬ್ಬೊಬ್ಬರನ್ನು ಹೊಣೆ ಮಾಡಿದ್ದಾರೆ. ಅವರಿಗೆ ಫೋನ್ ಮಾಡಿದರೆ, ಕಳ್ಳತನ ಆದ ರಾತ್ರಿ ಅವರು ಊರಿನ ಇನ್ನೊಂದು ತುದಿಯ ಪಿಕೆಟ್ ಡ್ಯೂಟಿಯಲ್ಲಿದ್ದರು. ಅಂದರೆ ನಮ್ಮ ಬೀದಿಯ ಬೀಟ್ ಕಾಗದದಲ್ಲಿತ್ತು, ಬೀದಿಯಲ್ಲಿ ಆಳು ಇರಲಿಲ್ಲ.

ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಆ ದಿನಗಳು ಹೇಗಿದ್ದವು ಅಂತ ಇಲ್ಲಿಯವರಿಗೆ ಗೊತ್ತು. ಮೇ ತಿಂಗಳಲ್ಲಿ ಮೊದಲು ಬಜ್ಪೆ ಕಡೆ, ಆಮೇಲೆ ಬಂಟ್ವಾಳ ಕಡೆ ಕೊಲೆಗಳಾದವು. ನಿಷೇಧಾಜ್ಞೆ ಬಂತು. ಜಂಕ್ಷನ್ ಜಂಕ್ಷನ್‌ನಲ್ಲಿ ಪಿಕೆಟ್ ಬಿತ್ತು. ಜೂನ್‌ನಲ್ಲಿ ಸರಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆ ಕೋಮು ಹಿಂಸೆ ತಡೆಯುವ ವಿಶೇಷ ಕಾರ್ಯಪಡೆ ಕಟ್ಟಿತು. ಅದಕ್ಕೆ 248 ಮಂದಿಯನ್ನು ಕೊಟ್ಟದ್ದು ನಕ್ಸಲ್ ನಿಗ್ರಹ ಪಡೆಯಿಂದ. ಒಳ್ಳೆಯದೇ ಆಯಿತು. ಹಾಗಂತ ಪೇಟೆಯ ಠಾಣೆಯಲ್ಲಿ ರೈಟರ್ ಪಕ್ಕದ ಖಾಲಿ ಕುರ್ಚಿ ಅದರಿಂದ ತುಂಬುವುದಿಲ್ಲ. ಮಂಗಳೂರಲ್ಲಿ ಗಲಾಟೆ ಇಲ್ಲದ ತಿಂಗಳಲ್ಲೂ ಬಂದೋಬಸ್ತ್ ಇರುತ್ತದೆ. ಗಣೇಶೋತ್ಸವ, ಕುದ್ರೋಳಿಯ ದಸರಾ, ಜಾತ್ರೆ, ಪ್ರತಿಭಟನೆ, ಮಂತ್ರಿಗಳ ಭೇಟಿ. ಎಲ್ಲದಕ್ಕೂ ಹೋಗುವುದು ಅದೇ ಠಾಣೆಯ ಅದೇ ಮಂದಿ.

ಲೆಕ್ಕವೂ ಅದನ್ನೇ ಹೇಳುತ್ತದೆ. ದೇಶದಲ್ಲಿ ಲಕ್ಷ ಜನಕ್ಕೆ ಮಂಜೂರಾದ ಪೊಲೀಸರು ಸುಮಾರು 197. ನಿಜವಾಗಿ ಇರುವವರು ಸುಮಾರು 155. ರಾಜ್ಯಗಳ ಪೊಲೀಸ್, ಕೋರ್ಟ್, ಜೈಲು ವ್ಯವಸ್ಥೆಯನ್ನು ಅಳೆಯುವ 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಕೊಟ್ಟ ಅಂಕಿ ಇದು. ಅದೇ ವರದಿಯಲ್ಲಿ ದೊಡ್ಡ ರಾಜ್ಯಗಳ ಪೈಕಿ ಒಟ್ಟಾರೆ ಮೊದಲ ಸ್ಥಾನ ಕರ್ನಾಟಕದ್ದು. ಮೊದಲ ಸ್ಥಾನದ ರಾಜ್ಯದಲ್ಲೇ ಹೀಗಿದ್ದರೆ ಉಳಿದ ಕಡೆ ಹೇಗಿರಬಹುದು ಅಂತ ಯೋಚಿಸಿದೆ. ನಮ್ಮಲ್ಲಿ ಇನ್ನೊಂದು ಪೆಟ್ಟೂ ಬಿದ್ದಿತ್ತು. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆಯ ಅಕ್ರಮ ಬಯಲಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಹಗರಣದಲ್ಲಿ ದುಡ್ಡು ತಿಂದವರ ಬಗ್ಗೆ ಎಲ್ಲರೂ ಮಾತಾಡಿದರು. ಅಷ್ಟು ವರ್ಷ ಆ ಎಸ್‌ಐಗಳಿಲ್ಲದೆ ಎಷ್ಟು ಕಳ್ಳತನದ ಫೈಲು ಸುಮ್ನೆ ಬಿದ್ದಿದ್ದವು ಅಂತ ಯಾರೂ ಕೇಳಲಿಲ್ಲ. ನನಗೆ ಈಗ ಸಿಟ್ಟು ಬರುವುದು ಅದಕ್ಕೆ.

ತನಿಖೆ ತಡವಾದರೆ ಮೊದಲು ಕೈತಪ್ಪುವುದು ಸಿಸಿಟಿವಿ. ಹೆಚ್ಚಿನ ಅಂಗಡಿಗಳಲ್ಲಿ ಕ್ಯಾಮೆರಾದ ದೃಶ್ಯ ಉಳಿಸುವ ಡಿವಿಆರ್ ಪೆಟ್ಟಿಗೆಯಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ. ಕೆಲವದರಲ್ಲಿ ಒಂದೇ ವಾರ ಉಳಿಯುತ್ತದೆ. ಜನ ಜಾಸ್ತಿ ಸೇರುವ ದೊಡ್ಡ ಅಂಗಡಿ, ಮಾಲ್, ಆಸ್ಪತ್ರೆಗಳಿಗೆ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ 2017ರ ಪ್ರಕಾರ 30 ದಿನದ ದೃಶ್ಯ ಇಡುವ ಕಡ್ಡಾಯ ಇದೆ. ನಮ್ಮಂಥ ಸಣ್ಣ ಅಂಗಡಿಗಳು ಅದರೊಳಗೆ ಬರುವುದಿಲ್ಲ. ಹಾಗಾಗಿ ನಾನು ಬೀದಿಯ ಅಂಗಡಿ ಅಂಗಡಿಗೆ ಹೋಗಿ, ಆ ರಾತ್ರಿಯ ರೆಕಾರ್ಡಿಂಗ್ ಅಳಿಸದಂತೆ ಲಾಕ್ ಮಾಡಿ ಇಡಿ ಅಂತ ಕೈಮುಗಿದು ಕೇಳಿಕೊಂಡೆ. ಪೆನ್‌ಡ್ರೈವಿಗೆ ಹಾಕಿ ನನಗೆ ಕೊಡಿ ಅನ್ನಲಿಲ್ಲ. ಅದನ್ನು ತೆಗೆಯಬೇಕಾದ್ದು ಪೊಲೀಸರು. ಹೊಸ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಆ ದೃಶ್ಯಕ್ಕೆ ಎರಡು ಭಾಗದ ಪ್ರಮಾಣಪತ್ರ ಬೇಕು. ಡಿವಿಆರ್ ನೋಡಿಕೊಳ್ಳುವವರ ಸಹಿ ಒಂದರಲ್ಲಿ, ತಜ್ಞರ ಸಹಿ ಇನ್ನೊಂದರಲ್ಲಿ. ಫೈಲು ಬದಲಾಗಿಲ್ಲ ಅಂತ ತೋರಿಸುವ ಹ್ಯಾಷ್ ಮೌಲ್ಯ ಎಂಬ ಸಂಕೇತವೂ ಬರೆದಿರಬೇಕು. ಅದಿಲ್ಲದಿದ್ದರೆ ಕೋರ್ಟಿನಲ್ಲಿ ಆಕ್ಷೇಪ ಬರುತ್ತದೆ. ಎದುರಿನ ಬೇಕರಿಯ ಡಿವಿಆರ್ ಗಡಿಯಾರ ನಿಜವಾದ ಸಮಯಕ್ಕಿಂತ ಹಿಂದೆ ಇತ್ತು. ಕ್ರೈಮ್ ಸಿಬ್ಬಂದಿ ಕೊನೆಗೆ ಬಂದಾಗ ಆ ವ್ಯತ್ಯಾಸವನ್ನು ಮಹಜರಿನಲ್ಲೇ ಬರೆಸಿದರು. ಬಂದ ಕಾನ್ಸ್‌ಟೆಬಲ್ ರಾತ್ರಿ ಡ್ಯೂಟಿ ಮುಗಿಸಿ ಮಲಗದೆ ಬಂದವರು. ಕಣ್ಣು ಕೆಂಪಾಗಿತ್ತು. ಕೆಲಸದಲ್ಲಿ ಒಂದು ಅಕ್ಷರ ತಪ್ಪಿಲ್ಲ.

ಫೋನ್ ಬ್ಲಾಕ್ ಮಾಡುವುದು ಸಿಇಐಆರ್ ಎಂಬ ಕೇಂದ್ರ ಸರಕಾರದ ಪೋರ್ಟಲ್‌ನಲ್ಲಿ. 2023ರ ಮೇ ತಿಂಗಳಿಂದ ಇಡೀ ದೇಶಕ್ಕೆ ಇದೆ. ಎಫ್‌ಐಆರ್ ಪ್ರತಿ, ಬಿಲ್ಲು, ಗುರುತಿನ ಚೀಟಿ ಹಾಕಿ ಅರ್ಜಿ ಕೊಟ್ಟರೆ ಆ ಐಎಂಇಐ ದೇಶದ ಯಾವ ನೆಟ್‌ವರ್ಕ್‌ನಲ್ಲೂ ನಡೆಯುವುದಿಲ್ಲ. ಯಾರಾದರೂ ಸಿಮ್ ಹಾಕಿದರೆ ಆ ಮಾಹಿತಿ ಠಾಣೆಗೆ ಹೋಗುತ್ತದೆ. ಗಿರಾಕಿಗಳ ಆರು ಫೋನಿನ ಅರ್ಜಿ ಅವರ ಹೆಸರಲ್ಲೇ ಹಾಕಬೇಕಿತ್ತು. ಒಬ್ಬೊಬ್ಬರನ್ನೇ ಕರೆದು ಆದ ಸಂಗತಿ ಹೇಳಿದೆ. ಒಬ್ಬರು ವಯಸ್ಸಾದ ಬ್ಯಾರಿ ಹೆಂಗಸು. ಬೈಯುತ್ತಾರೆ ಅಂದುಕೊಂಡಿದ್ದೆ. "ನಿಮ್ಮ ಅಂಗಡಿಯೂ ಹೋಯ್ತಲ್ಲ ಮಗಾ" ಅಂದರು. ಅವರ ಅರ್ಜಿಯನ್ನು ನಾನೇ ಕೂತು ತುಂಬಿಸಿದೆ.

ಮಳೆ ಕಡಿಮೆಯಾಗುವ ಹೊತ್ತಿಗೆ ಠಾಣೆಯಿಂದ ಕರೆ ಬಂತು. ಒಂದು ಫೋನಿಗೆ ಸಿಮ್ ಬಿದ್ದಿತ್ತು. ಹಾಕಿದವನು ದಕ್ಕೆಯಲ್ಲಿ (ಮೀನುಗಾರಿಕೆ ಬಂದರು) ಬೋಟಿನ ಕೆಲಸ ಮಾಡುವ ಹೊರರಾಜ್ಯದ ಹುಡುಗ. ಬಿಲ್ಲಿಲ್ಲದೆ, ಪರಿಚಯದವರಿಂದ, ಕಡಿಮೆ ದುಡ್ಡಿಗೆ ತೆಗೆದುಕೊಂಡಿದ್ದ. ಕಳವಿನ ಮಾಲು ಅಂತ ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣ ಇದ್ದೂ ಇಟ್ಟುಕೊಂಡರೆ ಅಪರಾಧ, ನಿಜವಾಗಿ ಗೊತ್ತಿಲ್ಲದೆ ಕೊಂಡವನು ಅಪರಾಧಿ ಅಲ್ಲ. ಆದರೂ ಫೋನ್ ಹೋಗುತ್ತದೆ, ಕೊಟ್ಟ ದುಡ್ಡೂ ಹೋಗುತ್ತದೆ. ಶಿಕ್ಷೆಯಾದ ಕಳ್ಳನ ಹತ್ತಿರ ದುಡ್ಡು ಸಿಕ್ಕಿದ್ದರೆ ಇಂಥ ಖರೀದಿದಾರನಿಗೆ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಆ ಹುಡುಗ ಹೇಳಿದ ದಾರಿ ಹಿಡಿದು ಪೊಲೀಸರು ಒಬ್ಬನನ್ನು ಹಿಡಿದರು. ಅವನ ಬಾಡಿಗೆ ರೂಮಿನಲ್ಲಿ ಹೆಚ್ಚಿನ ಫೋನ್ ಸಿಕ್ಕವು.

ಅವನನ್ನು ನಮ್ಮ ಬೀದಿಗೆ ಸ್ಥಳ ತೋರಿಸಲು ಕರೆತಂದ ದಿನ ನನಗೆ ಮರೆಯುವುದಿಲ್ಲ. ಜನ ಸೇರಿದರು. "ಎರಡು ಬಿಡಿ ಸಾರ್, ಎಲ್ಲ ಬಾಯಿ ಬಿಡ್ತಾನೆ" ಅಂತ ಹಿಂದಿನಿಂದ ಯಾರೋ ಕೂಗಿದರು. ಒಬ್ಬ ಕೈ ಎತ್ತಿಕೊಂಡು ಮುಂದೆ ಬಂದ. ಅದೇ ಕಣ್ಣು ಕೆಂಪಾಗಿದ್ದ ಕಾನ್ಸ್‌ಟೆಬಲ್ ಅಡ್ಡ ನಿಂತರು. ನಾನೂ ಹೋಗಿ ನಿಂತೆ. ಮಾಲು ಕಳೆದುಕೊಂಡವನೇ ಬೇಡ ಅನ್ನುವಾಗ ಉಳಿದವರು ಹಿಂದೆ ಸರಿದರು. ಹೊಡೆದು ಹೇಳಿಸಿದ ಮಾತು ಕೇಸಿಗೆ ಬೇಡವೇ ಬೇಡ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಕೋರ್ಟ್ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅವನು ತೋರಿಸಿದ ಜಾಗದಲ್ಲಿ ಸಿಕ್ಕ ಮಾಲು, ಅದರ ಮಹಜರು, ಅದರ ವಿಡಿಯೋ, ಐಎಂಇಐ ನಂಬರ್, ಇಷ್ಟೇ ನಿಲ್ಲುವುದು. ಮತ್ತೆ, ಅವನೂ ಮನುಷ್ಯ. ಅವನ ತಾಯಿ ಠಾಣೆಯ ಹೊರಗೆ ನಿಂತಿದ್ದರು. ಪೊಲೀಸ್ ಠಾಣೆಗಳಲ್ಲಿ ಕ್ಯಾಮೆರಾ ಇರಬೇಕು, ಆ ದೃಶ್ಯ 18 ತಿಂಗಳು ಉಳಿಯಬೇಕು, ನೋಡಿಕೊಳ್ಳಲು ಜಿಲ್ಲಾ ಮಟ್ಟದ ಸಮಿತಿ ಇರಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದ್ದು ಅಂಥ ತಾಯಂದಿರಿಗಾಗಿಯೂ ಹೌದು. ನನ್ನ ಅಂಗಡಿಯ ಕ್ಯಾಮೆರಾ ಎಷ್ಟು ಮುಖ್ಯವೋ ಠಾಣೆಯ ಕ್ಯಾಮೆರಾವೂ ಅಷ್ಟೇ ಮುಖ್ಯ.

ಕೆಲವು ವಾರದಲ್ಲಿ ಅವನಿಗೆ ಜಾಮೀನು ಆಯಿತು. ಬೀದಿಯಲ್ಲಿ ಸಿಟ್ಟು. ಅಂಗಡಿಯವರೆಲ್ಲ ಸೇರಿದ ಸಭೆಯಲ್ಲಿ "ಗೂಂಡಾ ಕಾಯ್ದೆ ಹಾಕ್ಲಿ", "ಗಡಿಪಾರು ಮಾಡ್ಲಿ" ಅನ್ನುವ ಮಾತು ಬಂತು. ಆಗ ಪೇಪರ್ ತುಂಬ ಗಡಿಪಾರಿನದ್ದೇ ಸುದ್ದಿ, ಹಾಗಾಗಿ ಬಾಯಿಗೆ ಬಂದದ್ದೂ ಅದೇ. ಮನವಿಗೆ ನನ್ನ ಸಹಿ ಕೇಳಿದರು. ನಾನು ಹಾಕಲಿಲ್ಲ. ಅದಕ್ಕೆ ಮೊದಲು ನಮ್ಮ ವಕೀಲರ ಹತ್ತಿರ ಕೂತು ಆ ಕಾಯ್ದೆ ಏನು ಅಂತ ಕೇಳಿ ತಿಳಿದುಕೊಂಡಿದ್ದೆ.

ಗೂಂಡಾ ಕಾಯ್ದೆ 1985ರದ್ದು. ಅದರಲ್ಲಿ ವಿಚಾರಣೆ ಇಲ್ಲದೆ 12 ತಿಂಗಳವರೆಗೆ ಒಬ್ಬನನ್ನು ಒಳಗಿಡಬಹುದು. ಅಷ್ಟು ದೊಡ್ಡ ಅಧಿಕಾರ ಆದ್ದರಿಂದಲೇ ತಡೆಗಳೂ ಇವೆ. ಪೊಲೀಸ್ ಆಯುಕ್ತರೋ ಜಿಲ್ಲಾಧಿಕಾರಿಯೋ ಹೊರಡಿಸಿದ ಆದೇಶವನ್ನು ಸರಕಾರ 12 ದಿನದೊಳಗೆ ಒಪ್ಪದಿದ್ದರೆ ಅದು ಬಿದ್ದುಹೋಗುತ್ತದೆ. ಯಾಕೆ ಹಿಡಿದೆವು ಅಂತ ಬಂಧಿತನಿಗೆ 5 ದಿನದೊಳಗೆ ತಿಳಿಸಬೇಕು. 3 ವಾರದೊಳಗೆ ಸಲಹಾ ಮಂಡಳಿಯ ಮುಂದೆ ಇಡಬೇಕು. ಬಂಧಿಸಿದ ದಿನದಿಂದ 7 ವಾರದೊಳಗೆ ಮಂಡಳಿ ವರದಿ ಕೊಡಬೇಕು. ಸಾಕಷ್ಟು ಕಾರಣ ಇಲ್ಲ ಅಂತ ಮಂಡಳಿ ಹೇಳಿದರೆ ಬಿಡಲೇಬೇಕು. ಆ ಮಂಡಳಿಯ ಮುಂದೆ ವಕೀಲರನ್ನು ನಿಲ್ಲಿಸುವ ಹಕ್ಕು ಬಂಧಿತನಿಗಿಲ್ಲ. ಮತ್ತೆ ಇದು ಇರುವುದು ಪದೇ ಪದೇ ಅಪರಾಧ ಮಾಡಿ ಊರಿನ ನೆಮ್ಮದಿ ಕೆಡಿಸುವವರಿಗೆ. ಒಂದು ಶಟರ್ ಮುರಿದವನಿಗೆ ಅಲ್ಲ. ಅವನಿಗೆ 14 ವರ್ಷದವರೆಗೆ ಶಿಕ್ಷೆ ಕೊಡುವ ಕಾನೂನು ಆಗಲೇ ಇದೆ. ಕೊರತೆ ಇರುವುದು ಅದನ್ನು ನಡೆಸಿಕೊಂಡು ಹೋಗುವ ಜನರದ್ದು. ಸಭೆಯಲ್ಲಿ ನಾನು ಇದನ್ನೇ ಹೇಳಿದೆ. ಗಟ್ಟಿ ಕಾನೂನು ಕೇಳುವ ಬದಲು ಠಾಣೆಗೆ ಆಳು ಕೇಳೋಣ, ರಾತ್ರಿ ಬೀಟನ್ನು ಬಂದೋಬಸ್ತಿಗೆ ಎಳೆಯಬೇಡಿ ಅಂತ ಕೇಳೋಣ ಅಂದೆ. ಕೆಲವರಿಗೆ ಬೇಸರ ಆಯಿತು. ಇವತ್ತಿಗೂ ಮಾತು ಬಿಟ್ಟವರು ಇದ್ದಾರೆ. ಆದರೂ ನನ್ನ ಮಾತು ಅದೇ.

ಅದೇ ಸಭೆಯಲ್ಲಿ ಫ್ಯಾನ್ಸಿ ಅಂಗಡಿಯವರೊಬ್ಬರು ಇನ್ನೊಂದು ವಿಷಯ ಎತ್ತಿದರು. ಸಾವಿರ ಚಿಲ್ಲರೆ ರೂಪಾಯಿಯ ಮಾಲು ಎತ್ತಿಕೊಂಡು ಹೋದವಳ ಮೇಲೆ ಪೊಲೀಸರು ಎಫ್‌ಐಆರ್ ಮಾಡಲಿಲ್ಲ ಅಂತ ಅವರ ದೂರು. ಇದು ಎಲ್ಲ ಅಂಗಡಿಯವರಿಗೂ ಗೊತ್ತಿರಬೇಕು. ಮೊದಲು ಎಷ್ಟು ರೂಪಾಯಿಯ ಕಳ್ಳತನ ಆದರೂ ಪೊಲೀಸರು ನೇರವಾಗಿ ಕೇಸು ಮಾಡಬಹುದಿತ್ತು. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆಯ ಸಾದಾ ಕಳ್ಳತನ ಅಸಂಜ್ಞೇಯ, ಅಂದರೆ ಪೊಲೀಸರು ತಾವಾಗಿ ಕೇಸು ಮಾಡುವ ಹಾಗಿಲ್ಲ. ಠಾಣೆಯಲ್ಲಿ ಎನ್‌ಸಿ (ಅಸಂಜ್ಞೇಯ ದೂರಿನ ದಾಖಲೆ) ಬರೆದುಕೊಳ್ಳುತ್ತಾರೆ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆ ಮಾಡುವ ಹಾಗಿಲ್ಲ. ಮೊದಲ ಸಲ ತಪ್ಪಿತಸ್ಥರಾದವರು ಮಾಲು ಅಥವಾ ಅದರ ಬೆಲೆ ಹಿಂದೆ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ಆಳಿಲ್ಲದ ಠಾಣೆಗೆ ಇದರಿಂದ ಭಾರ ಕಡಿಮೆಯಾಗಿದೆ, ನಿಜ. ಆದರೆ ದಿನಕ್ಕೆ ಸಾವಿರ ರೂಪಾಯಿ ಲಾಭ ನೋಡುವ ಅಂಗಡಿಗೆ ನಾಲ್ಕು ಸಾವಿರದ ಮಾಲು ಸಣ್ಣದಲ್ಲ. ಅಂಥವರು ಎನ್‌ಸಿ ಪ್ರತಿ ತೆಗೆದುಕೊಳ್ಳುವುದನ್ನು ಬಿಡಬಾರದು. ಅದೇ ವ್ಯಕ್ತಿ ಮತ್ತೆ ಸಿಕ್ಕಿದರೆ ಅದು ಬೇಕಾಗುತ್ತದೆ.

ಇದರಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಸಾಮಾನ್ಯ ಜನ ಒಬ್ಬನನ್ನು ಹಿಡಿದಿಡಬಹುದಾದದ್ದು ಕಣ್ಣೆದುರು ಜಾಮೀನಿಲ್ಲದ, ಸಂಜ್ಞೇಯ ಅಪರಾಧ ಮಾಡಿದಾಗ. ಹಿಡಿದ ಮೇಲೂ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 5,000ಕ್ಕಿಂತ ಕಡಿಮೆಯ ಸಾದಾ ಕಳ್ಳತನ ಈಗ ಆ ಸಾಲಿಗೇ ಬರುವುದಿಲ್ಲ. ಹಾಗಿರುವಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಹುಡುಗರನ್ನು ಕೂಡಿಹಾಕುವುದು, ಸೆಕ್ಯೂರಿಟಿಯವರು ಕೆನ್ನೆಗೆ ಬಾರಿಸುವುದು, ವಿಡಿಯೋ ಮಾಡಿ ಗ್ರೂಪಿಗೆ ಹಾಕುವುದು ಎಲ್ಲ ನಮ್ಮ ಮೇಲೇ ಕೇಸಾಗುವ ಕೆಲಸ. ಪೊಲೀಸರು ಸಾಲದು ಅಂತ ನಾವೆಲ್ಲ ಸೇರಿ ರಾತ್ರಿಗೆ ಕಾವಲುಗಾರರನ್ನು ಇಟ್ಟುಕೊಂಡೆವು. ಆಗ ನಾನು ಹಟ ಹಿಡಿದು ಏಜೆನ್ಸಿಯ ಲೈಸೆನ್ಸ್ ನೋಡಿದೆ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ 2005ರಲ್ಲೇ ಬಂದಿದೆ. ಲೈಸೆನ್ಸ್ ಇಲ್ಲದೆ ಏಜೆನ್ಸಿ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ 25,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕಾವಲಿಗೆ ಬರುವವರ ಪೂರ್ವಾಪರ ಪರಿಶೀಲನೆ ಆಗಿರಬೇಕು, ತರಬೇತಿ ಆಗಿರಬೇಕು, ಫೋಟೋ ಇರುವ ಗುರುತಿನ ಚೀಟಿ ಇರಬೇಕು. ಮೊದಲು ಮಾತಾಡಿದ ಏಜೆನ್ಸಿ ಲೈಸೆನ್ಸ್ ತೋರಿಸಲೇ ಇಲ್ಲ. ಅದನ್ನು ಬಿಟ್ಟೆವು.

ಇನ್ನು ಮಾಲು ಬಿಡಿಸುವ ಕೆಲಸ. ಸಿಕ್ಕಿದ ಫೋನ್ ಸೀಲ್ ಆಗಿ ಕೋರ್ಟಿನ ಲೆಕ್ಕಕ್ಕೆ ಸೇರುತ್ತದೆ. ಬಿಡಿಸಲು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕು. ಕಳವಿನ ಮಾಲನ್ನು ವರ್ಷಗಟ್ಟಲೆ ಠಾಣೆಯಲ್ಲಿ ಕೊಳೆಯಲು ಬಿಡಬೇಡಿ, ಫೋಟೋ ತೆಗೆದು, ಪಂಚನಾಮೆ ಮಾಡಿ, ಬಾಂಡ್ ಪಡೆದು ಒಡೆಯನಿಗೆ ಬೇಗ ಕೊಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 497ರಲ್ಲಿ ಅದಕ್ಕೆ ದಿನಗಳ ಲೆಕ್ಕವೂ ಬಂದಿದೆ. ಮಾಲಿನ ವಿವರಪಟ್ಟಿ 14 ದಿನದಲ್ಲಿ, ಆಮೇಲೆ 30 ದಿನದಲ್ಲಿ ವಿಲೇವಾರಿಯ ಆದೇಶ. ನಮ್ಮಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯಿತು. ಪೊಲೀಸರ ವರದಿ ಬರಬೇಕಿತ್ತು, ವರದಿ ಬರೆಯಬೇಕಾದವರು ದಸರಾ ಬಂದೋಬಸ್ತಿನಲ್ಲಿದ್ದರು. ಗಿರಾಕಿಗಳ ಫೋನಿಗೆ ಅವರವರ ಹೆಸರಿನಲ್ಲಿ ಅರ್ಜಿ, ಜೊತೆಗೆ ನಮ್ಮ ಜಾಬ್ ಕಾರ್ಡ್. ಬಾಂಡ್, ಫೋಟೋ ಎಲ್ಲ ಆದ ಮೇಲೆ ಫೋನ್ ಕೈಗೆ ಬಂತು. ಸಿಇಐಆರ್‌ನಲ್ಲಿ ಅನ್‌ಬ್ಲಾಕ್ ಮಾಡಿಸಿ, ಕೆಟ್ಟದ್ದನ್ನು ಪುಕ್ಕಟೆ ಸರಿಮಾಡಿ ಕೊಟ್ಟೆ. ಆ ಬ್ಯಾರಿ ಹೆಂಗಸಿನ ಫೋನಿನಲ್ಲಿ ಹಳೆಯ ಮೆಸೇಜುಗಳು ಹಾಗೇ ಇದ್ದವು.

ತನಿಖೆ ಎಲ್ಲಿಗೆ ಬಂತು ಅಂತ ದೂರುದಾರನಿಗೆ 90 ದಿನದೊಳಗೆ ತಿಳಿಸಬೇಕು ಅಂತಲೂ ಹೊಸ ಕಾನೂನಿನಲ್ಲಿದೆ. ಫೋನ್ ಮೆಸೇಜಿನ ಮೂಲಕವೂ ಸಾಕು. ನನಗೆ ಒಂದು ಮೆಸೇಜ್ ಬಂತು, ನಾನು ನೆನಪಿಸಿದ ಮೇಲೆ. ನೀವೂ ನೆನಪಿಸಿ, ಸಂಕೋಚ ಬೇಡ.

ಹೊಸ ಫೋನುಗಳಲ್ಲಿ ಮೂರು ಇನ್ನೂ ಸಿಕ್ಕಿಲ್ಲ, ಅವುಗಳ ಐಎಂಇಐ ಬ್ಲಾಕ್ ಆಗಿಯೇ ಇದೆ. ಚಾರ್ಜ್‌ಶೀಟ್ ಆಗಿದೆ. ಸಾಕ್ಷಿ ಹೇಳಲು ಸಮನ್ಸ್ ಬರಬೇಕು. ಈ ನಡುವೆ ನಮ್ಮ ಬೀದಿಯ ಕೆಲವರು ಸೇರಿ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಒಂದು ಅರ್ಜಿ ಹಾಕಿದ್ದೇವೆ. ನಮ್ಮ ಠಾಣೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಕಳೆದ ಒಂದು ವರ್ಷದಲ್ಲಿ ರಾತ್ರಿ ಬೀಟಿನವರನ್ನು ಬೇರೆ ಡ್ಯೂಟಿಗೆ ಕಳಿಸಿದ ದಿನಗಳೆಷ್ಟು, ಠಾಣೆಯ ಕ್ಯಾಮೆರಾಗಳನ್ನು ನೋಡಿಕೊಳ್ಳುವ ಜಿಲ್ಲಾ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ ಅಂತ ಕೇಳಿದ್ದೇವೆ. ಉತ್ತರ ಕೊಡಲು 30 ದಿನ ಇದೆ. ಬಂದ ಅಂಕಿಗಳನ್ನು ಹಿಡಿದುಕೊಂಡು ಶಾಸಕರ ಹತ್ತಿರ ಹೋಗುವುದು ಅಂತ ತೀರ್ಮಾನ ಮಾಡಿದ್ದೇವೆ. ಸಹಿ ಹಾಕಿದವರಲ್ಲಿ ಅವತ್ತು ಗೂಂಡಾ ಕಾಯ್ದೆ ಕೇಳಿದ್ದ ಇಬ್ಬರೂ ಇದ್ದಾರೆ.